ಮಧ್ಯಾಹ್ನದ ದಾರಿಗೊಂದು ಎಲೆ

ಹೋದ ವಾರ ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದೆ. ತೆಂಗಿನೆಣ್ಣೆ ಕಾದು, ಸಾಸಿವೆ ಸಿಡಿದು, ಕರಿಬೇವು ಬಿದ್ದ ಕೂಡಲೇ ಮೊಮ್ಮಗಳು ಅದಿತಿ ಅಡುಗೆಮನೆಯ ಬಾಗಿಲಲ್ಲಿ ಮೂಗು ಹಿಡಿದು ನಿಂತಳು. ಅವಳು ಹುಟ್ಟಿ ಬೆಳೆದದ್ದು ಕಲ್ಕತ್ತದ ಗರಿಯಾಹಾಟಿನ ಈ ಓಣಿಯಲ್ಲೇ. ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಹೊರಗೆ ಬರುವಾಗ ಮಾತ್ರ ಮೂರು ಭಾಷೆ ಕಲಸಿಕೊಂಡು ಬರುತ್ತದೆ.

"ಅಜ್ಜಿ, ಹೇರ್ ಆಯಿಲ್!" ಎಂದಳು. "ನಮ್ಮ ಕಾಲೇಜ್ ರೋಡಲ್ಲಿ ಒಂದು ಪೆತ್ನಿ ಇದೆಯಂತೆ. ರಾತ್ರಿ ಅಲ್ಲ, ಡೇ ಟೈಮಲ್ಲಿ ಬರ್ತದಂತೆ, ಠೀಕ್ ಬಾರಾ ಬಜೇ. ಬರುವಾಗ ಹೇರ್ ಆಯಿಲ್ ಸ್ಮೆಲ್ ಬರ್ತದಂತೆ. ಎಲ್ಲರೂ ಹೇಳ್ತಾರೆ."

ಪೆತ್ನಿ ಎಂದರೆ ಬಂಗಾಳದ ಹೆಣ್ಣು ದೆವ್ವ.

"ಆ ರೋಡಲ್ಲಿ ಕೆರೆ ಉಂಟಾ? ತಾಳೆಮರ ಉಂಟಾ?" ಎಂದು ಕೇಳಿದೆ.

"ಉಂಟು. ಕಲ್ವರ್ಟ್ ಹತ್ತಿರ. ನಿನಗೆ ಹೇಗೆ ಗೊತ್ತು?"

ನಾನು ಸೌಟು ಕೆಳಗಿಟ್ಟೆ. ಗೊತ್ತಿಲ್ಲದೆ ಏನು? ಆ ಪೆತ್ನಿಗೆ ಒಂದು ಮಳೆಗಾಲವಿಡೀ ಊಟ ಹಾಕಿದವಳು ನಾನು. ಅವಳಿಗೆ ಎಣ್ಣೆಯ ವಾಸನೆ ಕೊಟ್ಟವಳೂ ನಾನೇ.

ಅದಿತಿಯೇ ಈಚೆಗೆ ನನಗೆ ಫೋನಿನಲ್ಲಿ ಕನ್ನಡ ಒತ್ತುವುದು ಕಲಿಸಿದ್ದಾಳೆ. ಒತ್ತುವುದು ಒಂದೇ ಬೆರಳಲ್ಲಿ, ಅದೂ ಸೌಟು ಹಿಡಿದು ಹಿಡಿದು ಸೊಟ್ಟಗಾದ ಬೆರಳು. ನಾಲ್ಕು ಸಾಲು ಒತ್ತುವಷ್ಟರಲ್ಲಿ ಕಣ್ಣು ಉರಿಯುತ್ತದೆ. ಆದರೂ ಇದನ್ನು ಬರೆದಿಡುತ್ತೇನೆ. ಕಾಲೇಜಿನ ಮಕ್ಕಳು ಅರ್ಧಂಬರ್ಧ ಕಥೆ ಹೇಳಿಕೊಂಡು ತಿರುಗುವುದನ್ನು ಕೇಳಲಿಕ್ಕೆ ನನ್ನಿಂದಾಗದು.

ಎಂಟು ವರ್ಷದ ಹಿಂದಿನ ಮಾತು. ನಮ್ಮದು ಓಣಿಯ ಕೊನೆಯಲ್ಲಿ ಎಂಟು ಮೇಜಿನ ಸಣ್ಣ ಹೋಟೆಲು. ಆ ವರ್ಷ ಜೂನ್ ಮುಗಿಯುವ ಹೊತ್ತಿಗೆ ಇವರು ಅಕ್ಕಿ ಮೂಟೆ ಎತ್ತಲು ಹೋಗಿ ಸೊಂಟ ಹಿಡಿದು ಹಾಸಿಗೆ ಸೇರಿದರು. ಅದೇ ಹೊತ್ತಿಗೆ ಒಂದು ಊಟದ ಕೆಲಸ ಒಪ್ಪಿಕೊಂಡು ಆಗಿತ್ತು. ಊರಿನ ದಕ್ಷಿಣದ ಅಂಚು ದಾಟಿ, ಮೀನಿನ ಕೆರೆಗಳ ನಡುವೆ ಒಂದು ತರಬೇತಿ ಕೇಂದ್ರ. ಬೆಂಗಳೂರಿನಿಂದ ಮೂವತ್ತು ಹುಡುಗ ಹುಡುಗಿಯರು ಮೂರು ತಿಂಗಳಿಗೆಂದು ಬಂದಿದ್ದರು. ಸಾಸಿವೆ ಎಣ್ಣೆಯ ಮೀನು ಸಾರು ಅವರ ಗಂಟಲಿಗಿಳಿಯದೆ ಅನ್ನ ಸಾಂಬಾರಿಗೆ ಹಾತೊರೆಯುತ್ತಿದ್ದರು. ಮಗ ಹೋಟೆಲು ನೋಡಿಕೊಳ್ಳಬೇಕು. ಹಾಗಾಗಿ ಪಾತ್ರೆಗಳ ಜೊತೆ ಟೆಂಪೋ ಹತ್ತಿದವಳು ನಾನು, ಅರುವತ್ತನೆಯ ವಯಸ್ಸಿನಲ್ಲಿ.

ಆ ಮಳೆಗಾಲ ನೆನೆದರೆ ಈಗಲೂ ಮೊಣಕಾಲು ನೋಯುತ್ತದೆ. ಬೆಳಿಗ್ಗೆ ಹೋಟೆಲಿನ ಇಡ್ಲಿ ಗಲಾಟೆ ಮುಗಿಯುವಾಗ ಹತ್ತು. ಅನ್ನ ಸಾಂಬಾರು ಇಳಿಸಿ ಹೊರಡುವಾಗ ಹನ್ನೊಂದು. ಕಲ್ಕತ್ತದ ಮಳೆ ನಮ್ಮ ಉಡುಪಿಯ ಮಳೆಯ ಹಾಗೆ ಸುರಿದು ಮುಗಿಸುವುದಿಲ್ಲ. ಅರ್ಧ ಗಂಟೆ ಸುರಿದು, ಮತ್ತೆ ಬಿಸಿಲು ಬಿಟ್ಟು, ಮನುಷ್ಯರನ್ನು ಹಬೆಯಲ್ಲಿ ಬೇಯಿಸುತ್ತದೆ. ಒದ್ದೆ ಸೀರೆ ಮೈಮೇಲೆ ಒಣಗಿ, ಮತ್ತೆ ಒದ್ದೆಯಾಗಿ, ಸೊಂಟದ ಸುತ್ತ ಬೆವರುಸಾಲೆ ಎದ್ದಿತ್ತು. ಮುಖ್ಯರಸ್ತೆ ತಲುಪುವಾಗ ಸರಿಯಾಗಿ ಹನ್ನೆರಡು. ಅಲ್ಲಿಂದ ಒಳದಾರಿ, ಎರಡು ಮೈಲಿ ಕೆಸರು. ಟೆಂಪೋ ಇಳಿಯುವುದಿಲ್ಲ. ಸೈಕಲ್ಲಿನ ಹಾಗೆ ತುಳಿಯುವ ಮೂರು ಗಾಲಿಯ ಹಲಗೆ ಗಾಡಿಯಲ್ಲೇ ಹೋಗಬೇಕು.

ಗಾಡಿಯವನು ನಿಮಾಯ್. ನಲುವತ್ತು ವರ್ಷದ, ಗಟ್ಟಿ ಕಾಲಿನ, ಪುಕ್ಕಲು ಮನುಷ್ಯ. ವಯಸ್ಸಾದ ಹೆಂಗಸರನ್ನು ಇಲ್ಲಿ ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಮೊದಲ ದಿನವೇ ಅವನು ಸೈಕಲ್ಲಿನಿಂದ ಇಳಿದು ನಿಂತ.

"ಮಾಶಿಮಾ, ಒಂದು ಗಂಟೆಗೆ ಹೋಗುವ. ಈಗ ಬೇಡ."

"ಮಕ್ಕಳಿಗೆ ಊಟ ಹನ್ನೆರಡೂವರೆಗೆ. ಒಂದಕ್ಕೆ ಯಾಕೆ?"

"ಈಗ ಅವಳ ಹೊತ್ತು."

ಚಹಾದಂಗಡಿಯಲ್ಲಿದ್ದವರೆಲ್ಲ ಸೇರಿ ಹೇಳಿದರು. ಅರ್ಧದಾರಿಯಲ್ಲಿ ತಾಳೆಮರಗಳ ಕೆಳಗೆ ಒಂದು ಕೆರೆ. ಹಿಂದೆ ಯಾವುದೋ ಕಾಲದಲ್ಲಿ ಅತ್ತೆಮನೆಯವರು ಉಪವಾಸ ಕೆಡವಿದ ಸೊಸೆಯೊಬ್ಬಳು ಅದಕ್ಕೆ ಹಾರಿದ್ದಳು. ನಡುಮಧ್ಯಾಹ್ನ, ನೆರಳು ಕಾಲಡಿ ಸೇರುವ ಹೊತ್ತಿಗೆ, ಅವಳು ದಾರಿಹೋಕರ ಹಿಂದೆ ಮೂರು ಹೆಜ್ಜೆ ದೂರದಲ್ಲಿ ನಡೆಯುತ್ತಾಳೆ. "ಸ್ವಲ್ಪ ಅನ್ನ ಕೊಡ್ತೀಯಾ?" ಎಂದು ಕೇಳುತ್ತಾಳೆ. ತಿರುಗಿ ನೋಡಿದರೆ ನಾಲಗೆ ಸೇದಿಹೋಗುತ್ತದೆ. ಮೀನು ಮಾರುವವನ ಬುಟ್ಟಿ ಅಲ್ಲಿ ತಾನಾಗಿ ಹಗುರವಾಗಿತ್ತು. ಊರಿನ ನಿವೃತ್ತ ಮೇಷ್ಟ್ರು ನೂಲು ಹಿಡಿದಂತಿದ್ದ ನೇರ ದಾರಿಯಲ್ಲಿ ಒಂದು ಗಂಟೆ ದಾರಿ ತಪ್ಪಿ ಅಲೆದಿದ್ದರು. ಮೇಷ್ಟ್ರೂ ಅಲ್ಲೇ ಬೆಂಚಿನ ಮೇಲೆ ಕೂತು ಹೌದೆಂದು ತಲೆಯಾಡಿಸಿದರು.

ನನಗೆ ಹೆದರಿಕೆಗಿಂತ ಆಶ್ಚರ್ಯವಾಯಿತು. ನಮ್ಮ ಕಡೆ ಆಟಿ ತಿಂಗಳಲ್ಲಿ, ಅಂದರೆ ಇದೇ ಮಳೆಯ ದಿನಗಳಲ್ಲಿ, ಕುಲೆಗಳಿಗೆ ಬಡಿಸುತ್ತಾರೆ. ಕುಲೆ ಎಂದರೆ ಸತ್ತ ಮೇಲೂ ಮನೆಯ ನೆನಪು ಬಿಡದವರು. ಒಳಕೋಣೆಯಲ್ಲಿ ಎಲೆ ಹಾಕಿ, ಮಾಡಿದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕೂರುವುದು. ಸತ್ತವರು ಉಂಡು ಹೋಗಲಿ ಎಂದು.

"ನಿಮಾಯ್, ಅವಳು ಕೇಳುವುದು ಅನ್ನ ತಾನೇ?"

"ಹೌದು."

"ಇಷ್ಟು ವರ್ಷದಲ್ಲಿ ಯಾರಾದರೂ ಕೊಟ್ಟಿದ್ದೀರಾ?"

ಅದು ಯಾರಿಗೂ ತೋಚಿರಲಿಲ್ಲ.

"ಹತ್ತು, ಗಾಡಿ ಹತ್ತು. ಅವಳಿಗೊಂದು ಎಲೆ ಹಾಕಿ ಹೋಗುವ. ಉಣ್ಣುವವರು ನಾಲಗೆ ಸೇದುವುದಿಲ್ಲ."

ಕೆರೆಯ ಪಕ್ಕದ ಮೋರಿಕಟ್ಟೆಯ ಮೇಲೆ ಬಾಳೆಲೆ ಹಾಸಿ ಅನ್ನ, ಸಾಂಬಾರು, ಪಲ್ಯ ಬಡಿಸಿದೆ. ತಿರುಗಿ ನೋಡದೆ ಹೊರಟೆವು. ನಿಮಾಯ್ ಆ ದಿನ ತುಳಿದ ವೇಗಕ್ಕೆ ಸಾಂಬಾರು ಮುಚ್ಚಳ ದಾಟಿ ನನ್ನ ಮಡಿಲಿಗೆ ಬಂತು.

ಮರಳುವಾಗ ಎಲೆ ಖಾಲಿ. ಬರೀ ಖಾಲಿಯಲ್ಲ, ಮಡಚಿ ಮೇಲೊಂದು ಕಲ್ಲು ಇಟ್ಟಿತ್ತು. ನಿಮಾಯ್ ಕೈಮುಗಿದ. ಮರುದಿನದಿಂದ ಅವನೇ ಎಲೆ ಕೊಯ್ದು ತರಲಾರಂಭಿಸಿದ.

ನಾಲ್ಕನೆಯ ದಿನ ಸಾಂಬಾರಿಗೆ ನುಗ್ಗೆಕೋಡು ಹಾಕಿದ್ದೆ. ಮರಳುವಾಗ ಎಲೆಯ ಅಂಚಿನಲ್ಲಿ ಜಗಿದ ನುಗ್ಗೆಯ ನಾರು ಸಾಲಾಗಿ ಇಟ್ಟಿತ್ತು. ನಾನು ಗಾಡಿಯಲ್ಲೇ ನಕ್ಕುಬಿಟ್ಟೆ. ಕುಲೆಗಳಿಗೆ ಹಲ್ಲಿರುವುದಿಲ್ಲ, ಮೆತ್ತಗಿನದ್ದೇ ಬಡಿಸಬೇಕು ಎಂದು ನನ್ನಜ್ಜಿ ಹೇಳುತ್ತಿದ್ದಳು. ಈ ಕುಲೆಗೆ ಒಳ್ಳೆಯ ಹಲ್ಲುಗಳಿದ್ದವು.

ಮರುದಿನ ಎಲೆ ಹಾಕಿ, ನಿಮಾಯ್‌ನನ್ನು ಮುಂದಕ್ಕೆ ಕಳಿಸಿ, ನಾನು ತಾಳೆಮರದ ಹಿಂದೆ ಕೊಡೆ ಹಿಡಿದು ಕೂತೆ. ಅವನು ನನ್ನ ಕೊನೆಯ ದರ್ಶನವೆಂಬಂತೆ ನೋಡಿ ಹೋದ. ಸ್ವಲ್ಪ ಹೊತ್ತಿಗೆ ಕೆರೆಯ ದಂಡೆಯಿಂದ ಒಂದು ಹುಡುಗಿ ಬಂದಳು. ಇಪ್ಪತ್ತು ಇರಬಹುದು. ಕೈಯಲ್ಲಿ ಶಂಖದ ಬಳೆ, ಸೊಂಟದಲ್ಲಿ ನೀರಿನ ಕೊಡ. ದಾರಿಗೆ ಬೆನ್ನು ಹಾಕಿ ಕೂತು, ಉಸಿರು ಬಿಡದೆ ಉಂಡಳು. ನನ್ನ ಮೊಣಕಾಲು ಲಟಕ್ಕೆಂದಿತು. ತಿರುಗಿ ನೋಡಿದವಳೇ ಕಿಟಾರನೆ ಕಿರುಚಿದಳು. ಊರಿನವರು ಉಡದ ಹಾಗೆ ಸೀರೆ ಉಟ್ಟು, ನಡುಮಧ್ಯಾಹ್ನ ಮರದಡಿ ಕೂತ ಮುದುಕಿ! ಅವಳ ಲೆಕ್ಕದಲ್ಲಿ ಪೆತ್ನಿ ನಾನೇ.

"ಹೆದರಬೇಡ ಮಾರಾಯ್ತಿ, ಪಲ್ಯ ಸಾಕಾ?" ಎಂದೆ. ಗಾಬರಿಯಲ್ಲಿ ಕನ್ನಡವೇ ಬಂತು.

ಅವಳ ಹೆಸರು ಟುಂಪಾ. ಕೆರೆಯಾಚೆಯ ಮಂಡಲರ ಮನೆಯ ಕಿರಿಯ ಸೊಸೆ. ಗಂಡ ಕೇರಳದಲ್ಲಿ ಗಾರೆ ಕೆಲಸಕ್ಕೆ ಹೋಗಿ ಏಳು ತಿಂಗಳಾಗಿತ್ತು. ಮನೆಯಲ್ಲಿ ಸೌಟು ಅತ್ತೆಯ ಕೈಯಲ್ಲಿ. ಏಳು ಜನ ಉಂಡ ಮೇಲೆ ಇವಳ ಸರದಿ, ಆಗ ಪಾತ್ರೆಯ ತಳದಲ್ಲಿ ಗಂಜಿನೀರು. ಬಂದ ವರ್ಷವೇ ಮಾವ ತೀರಿಹೋದರೆಂದು ಇವಳ ಕಾಲ್ಗುಣದ ಮೇಲೆ ಅತ್ತೆಗೆ ಸಿಟ್ಟು. ಮಧ್ಯಾಹ್ನ ಕೆರೆಯ ನೀರು ತರಲು ಮನೆಯವರೆಲ್ಲ ಹೆದರುತ್ತಾರೆಂದು ಇವಳನ್ನೇ ಕಳಿಸುತ್ತಿದ್ದರು.

"ನಿನಗೆ ಪೆತ್ನಿಯ ಹೆದರಿಕೆ ಇಲ್ವಾ?"

"ಅವಳೂ ಸೊಸೆ ತಾನೇ ಮಾಶಿಮಾ," ಎಂದಳು. "ಮತ್ತೆ, ಈ ಊಟದ ವಾಸನೆ ನನಗೆ ಗೊತ್ತಿತ್ತು. ಕೇರಳದಲ್ಲಿ ತಲೆಗೆ ಹಚ್ಚುವ ಎಣ್ಣೆಯಲ್ಲಿ ಅಡುಗೆ ಮಾಡ್ತಾರಂತ ಅವರು ಫೋನಲ್ಲಿ ಬೈತಿರ್ತಾರೆ. ಎಲೆಯ ಹತ್ತಿರ ಬಂದಾಗ ಅವರೇ ಕಳಿಸಿದ ಹಾಗೆ ಆಯ್ತು."

ಬಂಗಾಳಿಗಳು ತೆಂಗಿನೆಣ್ಣೆಯನ್ನು ತಲೆಗಲ್ಲದೆ ಬೇರೆಲ್ಲಿಗೂ ಹಾಕುವುದಿಲ್ಲ. ನಲುವತ್ತು ವರ್ಷ ಇಲ್ಲಿದ್ದೂ ಅದರ ಪರಿಣಾಮ ನನಗೆ ಹೊಳೆದಿರಲಿಲ್ಲ. ಅಷ್ಟರಲ್ಲಿ ಊರಿನಲ್ಲಿ ಗುಸುಗುಸು ಶುರುವಾಗಿತ್ತು: ಮೋರಿಯ ಹತ್ತಿರ ಹೆಂಗಸಿನ ತಲೆಯೆಣ್ಣೆಯ ವಾಸನೆ ಬರುತ್ತದೆ, ಪೆತ್ನಿ ಈಗ ಕೂದಲು ಬಾಚುತ್ತಿದ್ದಾಳೆ.

ಇಲ್ಲಿ ನಾನೊಂದು ಕಿತಾಪತಿ ಮಾಡಿದೆ. ಹುಡುಗಿ ನೆಮ್ಮದಿಯಲ್ಲಿ ಉಣ್ಣಬೇಕಾದರೆ ಆ ಹೊತ್ತಿಗೆ ದಾರಿ ಖಾಲಿ ಇರಬೇಕು. ಚಹಾದಂಗಡಿಯಲ್ಲಿ ಕೂತು ದಿನಕ್ಕೊಂದು ಸೇರಿಸಿದೆ. ಕೂದಲು ಮೊಣಕಾಲ ತನಕ, ನಾನೇ ನೋಡಿದೆ ಎಂದೆ. ಎಣ್ಣೆ ಹಚ್ಚಿ ಹಚ್ಚಿ ಬೆರಳೆಲ್ಲ ಹೊಳೆಯುತ್ತದೆ, ಬಾಚಣಿಗೆ ಮೀನಿನ ಮುಳ್ಳಿನದ್ದು ಎಂದೆ. ಮೇಷ್ಟ್ರು ಬಾಯಿ ತೆರೆದು ಕೇಳಿದರು. ಎರಡು ವಾರದಲ್ಲಿ ಮಧ್ಯಾಹ್ನ ಆ ದಾರಿಗೆ ಆಡು ಕಟ್ಟುವವರೂ ಬರುವುದು ನಿಲ್ಲಿಸಿದರು. ಆ ಮಳೆಗಾಲದಲ್ಲಿ ನನಗಿದ್ದ ಸುಖ ಅದೊಂದೇ. ಮನೆಗೆ ಬಂದು ಇವರ ಸೊಂಟಕ್ಕೆ ಎಣ್ಣೆ ತಿಕ್ಕುವಾಗ ಹೇಳಿ ನಗುತ್ತಿದ್ದೆ.

"ನಿನಗೆ ಮರ್ಲು," ಎನ್ನುತ್ತಿದ್ದರು ಇವರು. "ಹೆಚ್ಚು ಉರಿಸಬೇಡ. ಕೈ ಸುಟ್ಟುಕೊಳ್ತಿ."

ಸುಟ್ಟದ್ದು ನನ್ನ ಕೈಯಲ್ಲ.

ಆಗಸ್ಟಿನ ಒಂದು ದಿನ ಮುಖ್ಯರಸ್ತೆಯಲ್ಲಿ ಟೆಂಪೋ ನಿಂತಾಗ ನಿಮಾಯ್‌ನ ಮುಖ ಬಿಳಿಚಿತ್ತು. "ಇವತ್ತು ಬೇಡ ಮಾಶಿಮಾ. ಮಂಡಲರ ಸೊಸೆಗೆ ಪೆತ್ನಿ ಹಿಡಿದಿದೆ. ದೆವ್ವ ಬಿಡಿಸುವ ಓಝಾ ಬಂದಿದ್ದಾನೆ, ಮೋರಿಯ ಹತ್ತಿರವೇ ಬಿಡಿಸ್ತಾನಂತೆ."

"ಹಿಡಿದದ್ದು ಅಂತ ಹೇಗೆ ಗೊತ್ತು?"

"ಕೈಯೆಲ್ಲ ಎಣ್ಣೆ ವಾಸನೆ. ತಲೆ ನೋಡಿದರೆ ಒಣಗಿ ಹುಲ್ಲಾಗಿದೆ, ಕೈಗೆ ಎಲ್ಲಿಂದ ಬರಬೇಕು? ಮತ್ತೆ, ಗಂಜಿನೀರು ಕುಡಿದುಕೊಂಡು ಮೈ ತುಂಬಿಕೊಂಡಿದ್ದಾಳೆ. ಅತ್ತೆ ಸರಿಯಾಗಿ ಪತ್ತೆ ಮಾಡಿದಳು."

ಬೆರಳು ಹೊಳೆಯುತ್ತದೆ ಎಂದು ಹೇಳಿಕೊಟ್ಟವಳು ನಾನು.

"ನಡಿ," ಎಂದೆ.

ಮೋರಿಯ ಹತ್ತಿರ ನಲುವತ್ತು ಐವತ್ತು ಜನ. ನಡುವೆ ಕೆಸರಿನಲ್ಲಿ ಟುಂಪಾಳನ್ನು ಕೂರಿಸಿದ್ದರು, ಜಡೆ ಬಿಚ್ಚಿತ್ತು. ಓಝಾ ಸಣಕಲು ಮುದುಕ. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಸುಟ್ಟ ಅರಿಸಿನಕೊಂಬು. ಹೊಗೆಯನ್ನು ಅವಳ ಮೂಗಿಗೆ ಹಿಡಿದಿದ್ದ. ಎರಡು ಏಟು ಆಗಲೇ ಬಿದ್ದಿತ್ತು, ತೋಳಿನಲ್ಲಿ ಬರೆ ಎದ್ದಿತ್ತು. ಹಿಂದೆ ಅತ್ತೆ ನಿಂತಿದ್ದಳು. ನನ್ನದೇ ವಯಸ್ಸು, ಬಿಳಿ ಸೀರೆ, ಬಿಗಿದ ತುಟಿ.

"ಯಾರು ನೀನು? ಏನು ಬೇಕು ನಿನಗೆ?" ಎಂದು ಓಝಾ ಕೂಗಿದ.

ಟುಂಪಾ ಕೆಮ್ಮಿದಳು. ತಲೆ ಎತ್ತದೆ ಹೇಳಿದಳು: "ಅನ್ನ."

ಜನ ಒಂದೇ ಸಲ ಹಿಂದೆ ಸರಿದರು. ಅದು ಪೆತ್ನಿಯ ಮಾತಲ್ಲವೇ! ಓಝಾ ಪೊರಕೆ ಎತ್ತಿದ.

ಅವಳನ್ನು ಬಿಡಿಸಲು ನಿಜ ಹೇಳಬೇಕು. ನಿಜ ಹೇಳಿದರೆ, ಕದ್ದು ಉಂಡ ಸೊಸೆಯೆಂದು ಅದೇ ಪೊರಕೆ ಮನೆಯೊಳಗೆ ಬೀಳುತ್ತದೆ. ಯೋಚನೆ ಮಾಡಲು ಹೊತ್ತಿರಲಿಲ್ಲ. ನಾನು ಗಾಡಿಯಿಂದಿಳಿದು, ಗುಂಪಿನೊಳಗೆ ನುಗ್ಗಿ, ಪೊರಕೆ ಮತ್ತು ಅವಳ ನಡುವೆ ಸಾಂಬಾರಿನ ಪಾತ್ರೆ ಇಟ್ಟೆ.

"ಅನ್ನ ತಾನೇ? ಉಂಟು. ಅವಳೊಬ್ಬಳಿಗೆ ಕೊಟ್ಟರೆ ಸಾಲದು, ನೋಡಿದವರೆಲ್ಲ ಉಣ್ಣಬೇಕು. ನಮ್ಮ ದೇಶದಲ್ಲಿ ಹಾಗೇ ಬಿಡಿಸುವುದು. ಕೂರಿ."

ಯಾರೂ ಕೂರಲಿಲ್ಲ. ಆಗ ಮೇಷ್ಟ್ರು, ದಾರಿ ತಪ್ಪಿದ ಅದೇ ಮೇಷ್ಟ್ರು, ಧೋತಿ ಎತ್ತಿಕೊಂಡು ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕೂತರು. "ಬಡಿಸಮ್ಮ," ಎಂದರು. ಅವರ ಹಿಂದೆ ಒಬ್ಬೊಬ್ಬರೇ. ನಿಮಾಯ್ ಬಾಳೆಲೆ ಹರಿದು ಹರಿದು ಕೊಟ್ಟ. ಟುಂಪಾಳಿಗೆ ಮೊದಲು ಬಡಿಸಿದೆ. ಓಝಾ ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಎರಡು ಸಲ ಹಾಕಿಸಿಕೊಂಡ. ಮೂವತ್ತು ಮಕ್ಕಳ ಊಟ ಕಾಲು ಗಂಟೆಯಲ್ಲಿ ಮುಗಿಯಿತು.

"ಈಗ ಎಲ್ಲರೂ ಕೈ ಮೂಸಿ," ಎಂದೆ.

ಮೂಸಿದರು. ಮೂಸಿದವರು ಪಕ್ಕದವರ ಕೈಯನ್ನೂ ಮೂಸಿದರು. ಓಝಾ ತನ್ನ ಬೆರಳನ್ನು ಮೂಗಿಗೆ ಹಿಡಿದು, ತೆಗೆದು, ಮತ್ತೆ ಹಿಡಿದ.

"ಐವತ್ತು ಜನರಿಗೆ ಪೆತ್ನಿ ಹಿಡಿದಿದೆಯಲ್ಲ ಬಾಬಾ. ಪೊರಕೆ ಒಂದು ಸಾಕಾಗುತ್ತದಾ?"

ಮೊದಲು ನಕ್ಕದ್ದು ಮೇಷ್ಟ್ರು. ನಗು ನಿಂತ ಮೇಲೆ ಅವರು ಎದ್ದು, ಮಂಡಲರ ಮನೆಯವರ ಕಡೆ ನೋಡದೆ, ಯಾರಿಗೋ ಎಂಬಂತೆ ಹೇಳಿದರು: "ಹುಡುಗಿಯ ಅಣ್ಣನಿಗೆ ಫೋನ್ ಮಾಡಿ. ಕೆಲವು ದಿನ ತವರಲ್ಲಿದ್ದು ಊಟ ಮಾಡಲಿ." ಊರಿನೆದುರು ಅಷ್ಟು ಹೇಳಿದ್ದೇ ಸಾಕಾಯಿತು. ಮೂರನೆಯ ದಿನ ಅಣ್ಣ ಬಂದ. ಟುಂಪಾ ನಿಮಾಯ್‌ನ ಗಾಡಿಯಲ್ಲಿ ಹಿಂದಕ್ಕೆ ಮುಖ ಮಾಡಿ, ಕಾಲು ಇಳಿಬಿಟ್ಟು ಕೂತು ಹೋದಳು. ನನ್ನನ್ನು ನೋಡಿ ಅಂಗೈಯನ್ನು ಮೂಗಿಗೆ ಹಿಡಿದು ನಕ್ಕಳು. ಅವಳ ತವರು ಯಾವ ಊರೆಂದು ಕೇಳಲೂ ನನಗೆ ನೆನಪಾಗಲಿಲ್ಲ. ಅಷ್ಟು ದಣಿದಿದ್ದೆ.

ಆ ದಿನ ಉಂಡವರೆಲ್ಲರ ನಡುವೆ ಉಣ್ಣದವಳು ಒಬ್ಬಳೇ, ಅತ್ತೆ. ನಾನು ಎಲೆ ಚಾಚಿದಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

ಬೆಂಗಳೂರಿನ ಮಕ್ಕಳು ಆವತ್ತು ಬಿಸ್ಕೀಟು ತಿಂದರು. ಮರುವಾರದಿಂದ ಊಟದ ಕೆಲಸ ಬೇರೆಯವರಿಗೆ ಹೋಯಿತು. "ಮೂವತ್ತು ಜನರ ಊಟ ಭೂತಕ್ಕೆ ಬಡಿಸಿ ಬಂದಿಯಾ?" ಎಂದು ಇವರು ಕೇಳಿದರು. "ಭೂತಕ್ಕಲ್ಲ, ಬಿಡಿಸುವವನಿಗೆ," ಎಂದೆ. ಹಾಸಿಗೆಯಲ್ಲಿ ಬಿದ್ದವರು ನಕ್ಕು ಸೊಂಟ ಮತ್ತೆ ಹಿಡಿಸಿಕೊಂಡರು.

ಇಷ್ಟು ನೆನಪಾದ ಮೇಲೆ ಸುಮ್ಮನಿರಲಾಗಲಿಲ್ಲ. ಮೊನ್ನೆ ಸೋಮವಾರ ಅದಿತಿಯ ಊಟದ ಡಬ್ಬಿ ನಾನೇ ಹಿಡಿದುಕೊಂಡು ಹೊರಟೆ. ಚೀಲದಲ್ಲಿ ಇನ್ನೊಂದು ಡಬ್ಬಿ, ಒಂದು ಬಾಳೆಲೆ. ಮುಖ್ಯರಸ್ತೆಯಲ್ಲಿ ಬ್ಯಾಟರಿ ಗಾಡಿಗಳ ಸಾಲು. ಮೊದಲ ಗಾಡಿಯಲ್ಲಿ ಕೂದಲು ನರೆತ ನಿಮಾಯ್.

"ಮಾಶಿಮಾ! ಬದುಕಿದ್ದೀರಾ!"

"ಇಲ್ಲ, ಪೆತ್ನಿ ಬಂದದ್ದು. ನಡಿ."

ದಾರಿಗೆ ಕಾಂಕ್ರೀಟು ಬಿದ್ದಿದೆ. ಒಂದು ಬದಿಗೆ ಎತ್ತರದ ಫ್ಲಾಟುಗಳು. ಕೆರೆ ಅರ್ಧ ಮುಚ್ಚಿದೆ, ತಾಳೆಮರ ಐದು ಉಳಿದಿವೆ. ದಾರಿಯುದ್ದಕ್ಕೂ ನಿಮಾಯ್ ಹೇಳುತ್ತಾ ಬಂದ. ಮೇಷ್ಟ್ರು ಹೋದರು. ಟುಂಪಾಳನ್ನು ಗಂಡ ಕೇರಳಕ್ಕೇ ಕರೆಸಿಕೊಂಡ, ಇಬ್ಬರು ಮಕ್ಕಳು, ಈಗ ಅವಳೇ ತಲೆಯೆಣ್ಣೆಯಲ್ಲಿ ಒಗ್ಗರಣೆ ಹಾಕುತ್ತಾಳಂತೆ. ನನಗೆ ಎಂಟು ವರ್ಷದ ಒಂದು ಭಾರ ಇಳಿದ ಹಾಗಾಯಿತು.

"ಅತ್ತೆ?"

"ಇದ್ದಾಳೆ. ಸೌಟು ಈಗ ದೊಡ್ಡ ಸೊಸೆಯ ಕೈಯಲ್ಲಿ. ಮುದುಕಿಗೆ ಕೊನೆಯ ಸರದಿ." ಗಾಡಿ ನಿಲ್ಲಿಸುತ್ತಾ ಅಂದ: "ಮಧ್ಯಾಹ್ನ ಹೊತ್ತು ಇಲ್ಲೇ ಎಲ್ಲಾದರೂ ಸುತ್ತುತ್ತಿರುತ್ತಾಳೆ. ಕಾಲೇಜಿನ ಮಕ್ಕಳು ನೋಡಿ ಹೆದರಿ ಓಡುತ್ತಾರೆ."

ಮೋರಿಕಟ್ಟೆಯ ಮೇಲೆ ಎಲೆ ಹಾಸಿ ಬಡಿಸಿದೆ. ಹಳೆಯ ಆಟವನ್ನು ಒಮ್ಮೆ ಆಡುವ ಎಂದಷ್ಟೇ ತಂದದ್ದು. ಕಾಲೇಜಿಗೆ ಹೋಗಿ, ಅದಿತಿಗೆ ಡಬ್ಬಿ ಕೊಟ್ಟು, ಅರ್ಧ ಗಂಟೆಯಲ್ಲಿ ಮರಳಿ ಬಂದೆವು.

ಎಲೆ ಖಾಲಿ. ಮಡಚಿ, ಮೇಲೊಂದು ಕಲ್ಲು. ಬಿಚ್ಚಿ ನೋಡಿದೆ. ಅನ್ನದ ಒಂದು ಅಗುಳೂ ಇರಲಿಲ್ಲ. ನುಗ್ಗೆಕೋಡಿನ ನಾಲ್ಕು ತುಂಡುಗಳು ಮಾತ್ರ ಇಡಿಯಾಗಿ, ಜಗಿಯದೆ, ಅಂಚಿನಲ್ಲಿ ಸಾಲಾಗಿದ್ದವು. ತಾಳೆಮರದಾಚೆ, ಮಂಡಲರ ಮನೆಯ ಬೇಲಿಯ ಹತ್ತಿರ, ಬಿಳಿ ಸೀರೆಯ ಸೆರಗೊಂದು ಸರಕ್ಕನೆ ಒಳಸರಿಯಿತು.

ನಿಜ ಹೇಳುತ್ತೇನೆ, ಮೊದಲು ಖುಷಿಯಾಯಿತು. ಬೆನ್ನ ಹಿಂದೆ ಕಟ್ಟಿದ್ದ ಕೈ ಕೊನೆಗೂ ಎಲೆಗೆ ಇಳಿಯಿತಲ್ಲ ಎಂದು. ಆದರೆ ಆ ಖುಷಿ ಮುಖ್ಯರಸ್ತೆ ತಲುಪುವ ತನಕವೂ ಬಾಳಲಿಲ್ಲ. ಗಾಡಿಯಲ್ಲಿ ಕೂತು ನಾಲಗೆಯಿಂದ ನನ್ನದೇ ಬಾಯಿಯೊಳಗೆ ತಡವಿ ನೋಡಿಕೊಂಡೆ. ನನಗೂ ಉಳಿದಿರುವುದು ಒಂಬತ್ತು ಹಲ್ಲು. ಟುಂಪಾಳ ತೋಳಿನ ಬರೆಯನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ಎಲೆ ಬಡಿಸುವಾಗ ಗುಣ ನೋಡಿ ಬಡಿಸುವ ಕ್ರಮ ನಮ್ಮಲ್ಲಿಲ್ಲ. ಕುಲೆಗಳಲ್ಲಿ ಒಳ್ಳೆಯವರೆಷ್ಟು ಮಂದಿ ಇದ್ದರು?

ಸಂಜೆ ಅದಿತಿಗೆ ಹೇಳಿದೆ: "ನಾಳೆಯಿಂದ ನೀನು ಎರಡು ಡಬ್ಬಿ ತಕೊಂಡು ಹೋಗು. ಒಂದು ಮೋರಿಕಟ್ಟೆಯ ಮೇಲೆ ಎಲೆ ಹಾಕಿ ಬಡಿಸು. ನನ್ನಿಂದ ದಿನಾ ಅಷ್ಟು ದೂರ ಆಗುದಿಲ್ಲ."

"ಅಜ್ಜಿ, ನೋ ವೇ! ಐ ಆಮ್ ನಾಟ್ ಫೀಡಿಂಗ್ ಎ ಪೆತ್ನಿ."

"ಪೆತ್ನಿ ಅಲ್ಲ ಮಾರಾಯ್ತಿ, ಅತ್ತೆ."

"ದಟ್ಸ್ ವರ್ಸ್," ಎಂದಳು. ಆದರೂ ಬೆಳಿಗ್ಗೆ ಚೀಲಕ್ಕೆ ಎರಡೂ ಡಬ್ಬಿ ಹಾಕಿಕೊಂಡಳು. ಈಗ ಮೂರು ದಿನವಾಯಿತು. ದಿನಾ ಮಧ್ಯಾಹ್ನ ನನ್ನ ಫೋನಿಗೆ ಖಾಲಿ ಎಲೆಯ ಫೋಟೋ ಬರುತ್ತದೆ, ಮೇಲೊಂದು ಕಲ್ಲು.

ನಾಳೆಗೂ ನುಗ್ಗೆ ಹಾಕುವುದಿಲ್ಲ. ಚೆನ್ನಾಗಿ ಬೆಂದ ಸಿಹಿಗುಂಬಳ, ಅನ್ನವನ್ನೂ ಸ್ವಲ್ಪ ಮುದ್ದೆಯಾಗಿ. ಕುಂಬಳಕಾಯಿ ತಾ ಎಂದು ಅದಿತಿಗೆ ಈಗಲೇ ಒತ್ತಿ ಕಳಿಸಬೇಕು. ಈ ಬೆರಳಿಗೆ ಅಷ್ಟಕ್ಕೇ ಹತ್ತು ನಿಮಿಷ ಬೇಕು.